ಒಂಬತ್ತನೇ ಕ್ಲಾಸ್ ಹುಡುಗ, ಪುಸ್ತಕ ಅಂದ್ರೆ ಮಾರು ದೂರ. ಯಾವ್ದರಿಂದ ಶುರು ಮಾಡ್ಸ್‌ಬೋದು?

ಹೇಮಾವತಿ ತೀರ (ಹಾಸನ)
ಎಲ್ರಿಗೂ ನಮಸ್ಕಾರ. ನನ್ ಮಗ ಒಂಬತ್ತನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಸ್ಕೂಲ್ ಬುಕ್ಕು ಬಿಟ್ರೆ ಬೇರೆ ಒಂದಕ್ಷರ ಓದಲ್ಲ, ಸ್ಕೂಲ್ ಬುಕ್ಕೂ ಪರೀಕ್ಷೆ ಹಿಂದಿನ್ ರಾತ್ರಿನೇ. ಹಂಗಂತ ದಡ್ಡ ಅಲ್ಲ, ಯಾವ್ ಫೋನಲ್ಲಿ ಯಾವ್ ಪ್ರೊಸೆಸರ್ ಇದೆ, ಯಾವ್ ವಿಮಾನ ಯಾವ್ ಕಂಪನಿದು ಅಂತ ನಿದ್ದೆಗಣ್ಣಲ್ಲೂ ಹೇಳ್ತಾನೆ. ಹುಟ್ಟಿದಹಬ್ಬಕ್ಕೆ ಅವ್ರಪ್ಪ ಮಹಾಪುರುಷರ ಜೀವನಚರಿತ್ರೆ ಸೆಟ್ ತಂದ್ಕೊಟ್ರು, ಇವತ್ತಿಗೂ ಪ್ಲಾಸ್ಟಿಕ್ ಕವರ್ ಬಿಚ್ಚಿಲ್ಲ, ಟಿವಿ ಪಕ್ಕ ಶೋಕೇಸಲ್ಲಿ ನೆಂಟರಿಗೆ ಕಾಣೋ ಹಂಗೆ ಕೂತಿದೆ. ಕನ್ನಡ ಆದ್ರೂ ಸರಿ ಇಂಗ್ಲಿಷ್ ಆದ್ರೂ ಸರಿ, ಹಿಡಿದ್ರೆ ಬಿಡಬಾರ್ದು ಅಂಥದ್ದು ಹೇಳಿ. ಐನೂರು ಆರ್ನೂರು ರೂಪಾಯಿ ಒಳಗೆ ಎರಡ್ಮೂರು ಪುಸ್ತಕ ಬರೋ ಹಂಗಿದ್ರೆ ಒಳ್ಳೇದು. ದಯವಿಟ್ಟು ನೀತಿ ಕತೆ ಬೇಡ, ಅದು ಮನೇಲೇ ದಿನಾ ಆಗ್ತಿದೆ 😅

ಬಿ ಎಂ ರೋಡ್
ಫೋನ್ ಕಿತ್ಕೊಂಡು ಬೀರುಲಿ ಇಟ್ಟು ಬೀಗ ಹಾಕಿ ಮೇಡಂ. ತಾನಾಗೇ ಓದ್ತಾನೆ. ಮುಗೀತು.

ಐ ಜಿ ರೋಡ್ ಹುಡುಗಿ (ಚಿಕ್ಕಮಗಳೂರು)
ಅಂಕಲ್ ಸಾರಿ ಆದ್ರೆ ಅದು ಕೆಲ್ಸ ಮಾಡಲ್ಲ. ನಾನು ಸೆಕೆಂಡ್ ಪಿಯು, ನನ್ನ ಫ್ರೆಂಡ್ ಮನೇಲಿ ಇದೇ ಮಾಡಿದ್ರು, ಅವ್ಳು ಪುಸ್ತಕ ಅಂದ್ರೆ ಶಿಕ್ಷೆ ಅಂತ ಫಿಕ್ಸ್ ಆಗ್ಬಿಟ್ಲು, ಈಗ ಫೋನ್ ವಾಪಸ್ ಬಂದಿದೆ ಪುಸ್ತಕ ಬಂದಿಲ್ಲ. ಆಂಟಿ, ಒಂದ್ ವಿಷ್ಯ ಮಾತ್ರ ಹೇಳ್ತೀನಿ, ಅವ್ನು ಏನೇ ಓದಿದ್ರೂ ಓದಿದ್ಮೇಲೆ "ಇದ್ರಿಂದ ಏನ್ ಕಲ್ತೆ" ಅಂತ ಕೇಳ್ಬೇಡಿ ಪ್ಲೀಸ್. ಸಿನಿಮಾ ನೋಡ್ಕೊಂಡು ಬಂದವ್ರನ್ನ ಯಾರಾದ್ರೂ ಕೇಳ್ತಾರಾ? "ಆಮೇಲೆ ಏನಾಯ್ತು" ಅಂತ ಕೇಳಿ, ನಾವೇ ಅರ್ಧ ಗಂಟೆ ಹೇಳ್ತೀವಿ.

ಕಾಫಿ ಕಣ (ಮೂಡಿಗೆರೆ)
ಇಷ್ಟೊತ್ತಾದ್ರೂ ತೇಜಸ್ವಿ ಹೆಸ್ರು ಬರ್ಲಿಲ್ವಲ್ಲ ಅಂತ ನೋಡ್ತಿದ್ದೆ. ಮೇಡಂ, ಕರ್ವಾಲೋ ಕೊಡಿ. 1980ರ ಪುಸ್ತಕ ಅಂತ ಹಿಂದೆ ಮುಂದೆ ನೋಡ್ಬೇಡಿ. ಜೇನುತುಪ್ಪ ತಗೊಳಕ್ಕೆ ಸೊಸೈಟಿಗೆ ಹೋಗೋದ್ರಿಂದ ಕತೆ ಶುರು ಆಗುತ್ತೆ, ಹಾರೋ ಓತಿ ಹಿಂದೆ ಕಾಡಿಗೆ ನುಗ್ಗೋವರೆಗೂ ಎಳ್ಕೊಂಡು ಹೋಗುತ್ತೆ. ಮಂದಣ್ಣ, ಪ್ಯಾರ, ಬಿರ್ಯಾನಿ ಕರಿಯಪ್ಪ, ಕಿವಿ ಅನ್ನೋ ನಾಯಿ, ಇವ್ರೆಲ್ಲ ನಮ್ ಕಡೆ ಈಗ್ಲೂ ಸಂತೆಲಿ ಸಿಗ್ತಾರೆ ಮಾರಾಯ್ರೆ. ಮಂದಣ್ಣನ ಮದುವೆ, ಕಳ್ಳಭಟ್ಟಿ ಕೇಸು ಓದ್ತಾ ನಗ್ದೇ ಇರೋ ಹುಡುಗ್ರನ್ನ ನಾನಂತೂ ನೋಡಿಲ್ಲ. ಅದು ಹಿಡಿಸಿದ್ರೆ ಆಮೇಲೆ ಜುಗಾರಿ ಕ್ರಾಸ್, ಒಂದು ಹಗಲು ಒಂದು ರಾತ್ರಿ ಒಳಗೆ ಪೂರ್ತಿ ಕತೆ ಮುಗಿಯುತ್ತೆ, ಏಲಕ್ಕಿ ಮಾರಕ್ಕೆ ಹೊರಟ ಗಂಡ ಹೆಂಡ್ತಿ ಸಿಕ್ಕಾಕ್ಕೊಳೋದು, ರೈಲು, ಹಳೇ ಕಾಲದ ಬರಹದ ಒಗಟು, ಕೆಂಪು ಕಲ್ಲು, ಬಿಡಿ ಜಾಸ್ತಿ ಹೇಳಿದ್ರೆ ಮಜಾ ಹೋಗುತ್ತೆ.

ಹೇಮಾವತಿ ತೀರ (ಹಾಸನ)
ಕಾಫಿ ಕಣ ಸರ್, ಕರ್ವಾಲೋ ಮನೇಲೇ ಇದೆ, ನಂದೇ ಕಾಪಿ. ಕೊಟ್ಟೆ, ಒಂದೆರಡು ಪೇಜ್ ಓದಿ "ಕನ್ನಡ ಓದಕ್ಕೆ ಲೇಟ್ ಆಗುತ್ತಮ್ಮ" ಅಂತ ಇಟ್ಬಿಟ್ಟ. ಮನೇಲಿ ಮಾತಾಡೋದೆಲ್ಲ ಕನ್ನಡನೇ. ಅದ್ಹೆಂಗೆ ಓದಕ್ಕೆ ಬರಲ್ಲ ಅಂತ ನಂಗೆ ಅರ್ಥ ಆಗಿಲ್ಲ.

ಬೇಲೂರು ಮೇಷ್ಟ್ರು
ಮೇಡಂ, ಇಲ್ಲೇ ಇರೋದು ವಿಷ್ಯ. ನಾನು ಹೈಸ್ಕೂಲಲ್ಲಿ ಪಾಠ ಮಾಡೋನು, ಇಂಥ ಹುಡುಗ್ರು ನನ್ ಕ್ಲಾಸಲ್ಲಿ ಬೆಂಚಿಗಿಬ್ರು ಇದಾರೆ. "ಓದಲ್ಲ" ಅನ್ನೋದು ಒಂದು, "ಓದಕ್ಕೆ ಕಷ್ಟ ಆಗುತ್ತೆ, ಅದನ್ನ ಹೇಳ್ಕೊಳಕ್ಕೆ ನಾಚ್ಕೆ" ಅನ್ನೋದು ಇನ್ನೊಂದು. ಎರಡನೇದನ್ನೇ ನಾವು ಸೋಮಾರಿತನ ಅಂತ ಬೈತಾ ಇರ್ತೀವಿ. ಹುಡುಗನ ಕಿವಿಗೆ ಕನ್ನಡ ಚೆನ್ನಾಗಿ ಗೊತ್ತು, ಕಣ್ಣಿಗೆ ಅಭ್ಯಾಸ ಇಲ್ಲ. ಒತ್ತಕ್ಷರ ಬಂದ ಕಡೆ ನಿಲ್ತಾನೆ, ಬಿಡಿಸ್ಕೊಂಡು ಮುಂದೆ ಹೋಗೋ ಹೊತ್ತಿಗೆ ವಾಕ್ಯದ ತಲೆ ಮರ್ತಿರ್ತಾನೆ. ಸಾಲಿನ ಕೊನೆಗೆ ಬಂದ್ರೂ ಯಾರು ಯಾರಿಗೆ ಏನಂದ್ರು ಅಂತ ಗೊತ್ತಾಗಲ್ಲ. ಅಲ್ಲಿಗೆ ಮಂದಣ್ಣನೂ ಬೇಡ ಓತಿನೂ ಬೇಡ.

ಒಂದ್ಸಲ ಸುಮ್ನೆ ಪಕ್ಕ ಕೂತ್ಕೊಂಡು ಅರ್ಧ ಪೇಜ್ ಜೋರಾಗಿ ಓದ್ಸಿ ನೋಡಿ, ತಪ್ಪು ತಿದ್ದಬೇಡಿ, ಕೇಳಿಸ್ಕೊಳಿ ಅಷ್ಟೇ. ನಿಧಾನ ಆದ್ರೂ ಅರ್ಥ ಆಗ್ತಿದೆ ಅಂದ್ರೆ ಬರೀ ರೂಢಿ ಸಮಸ್ಯೆ. ಇಂಗ್ಲಿಷಲ್ಲೂ ಹಂಗೇ ತಡವರಿಸ್ತಾನೆ, ಸಾಲು ಬಿಟ್ಟು ಸಾಲು ಹಾರ್ತಾನೆ, ಒಂದೇ ಪದನ ಒಂದೊಂದ್ಸಲ ಒಂದೊಂದು ಥರ ಓದ್ತಾನೆ ಅಂದ್ರೆ ಮೊದ್ಲು ಕಣ್ಣಿನ ಡಾಕ್ಟ್ರಿಗೆ ತೋರ್ಸಿ, ಡಿಸ್ಲೆಕ್ಸಿಯಾ, ಅಂದ್ರೆ ಅಕ್ಷರ ಪದ ಗುರುತಿಸಿ ಓದೋದ್ರಲ್ಲೇ ತೊಂದ್ರೆ, ಅದು ಇದ್ಯಾ ಅಂತ್ಲೂ ಗೊತ್ತಿರೋರ ಹತ್ರ ನೋಡ್ಸಿ. ಹತ್ತನೇ ಕ್ಲಾಸಿಗೆ ಬರೋವರೆಗೂ ಕನ್ನಡಕ ಬೇಕು ಅಂತ ಮನೇಲಿ ಗೊತ್ತೇ ಇಲ್ದಿರೋ ಮಕ್ಕಳು ಬರ್ತಾರೆ ನಮ್ ಸ್ಕೂಲಿಗೆ.

ರೂಢಿ ಸಮಸ್ಯೆನೇ ಆಗಿದ್ರೆ ಅದೇ ಕರ್ವಾಲೋನ ನೀವೇ ಓದಿ ಹೇಳಿ. ಅವ್ನಿಗೆ ಹದಿನಾಲ್ಕು ವರ್ಷ, ಓದಿ ಹೇಳೋ ವಯಸ್ಸಲ್ಲ ಅಂತ ಅನ್ಸುತ್ತೆ. ಅಲ್ಲ. ಊಟ ಆದ್ಮೇಲೆ ಒಂದು ಹತ್ತು ನಿಮಿಷ, ಸರಿಯಾಗಿ ಏನೋ ಆಗೋ ಜಾಗದಲ್ಲಿ ನಿಲ್ಸಿ, ಪುಸ್ತಕ ಅಲ್ಲೇ ಟೇಬಲ್ ಮೇಲೆ ಬಿಟ್ಟು ಎದ್ದು ಹೋಗ್ಬಿಡಿ. ನಾನು ಕ್ಲಾಸಲ್ಲಿ ಇದನ್ನೇ ಮಾಡೋದು, ಬೆಲ್ ಹೊಡಿಯೋಕೆ ಸ್ವಲ್ಪ ಮುಂಚೆ ಶುರು ಮಾಡ್ತೀನಿ, ಬೇಕಂತ್ಲೇ ಮುಗ್ಸಲ್ಲ.

ಅರಸೀಕೆರೆ ಜಂಕ್ಷನ್
ಮೇಷ್ಟ್ರು ಸರಿಯಾಗಿ ಹೇಳಿದ್ರು. ನಂದೊಂದು ಮಾತು ಸೇರಿಸ್ತೀನಿ, ಉದ್ದ ಆದ್ರೆ ಕ್ಷಮಿಸಿ. ನಮ್ಮಣ್ಣನ ಮಗ ಒಬ್ಬ ಅವ್ನೆ, ಪುಸ್ತಕ ಅಂದ್ರೆ ಓಡೋಗ್ತಿದ್ದ. ಕೆನೆತ್ ಆಂಡರ್ಸನ್ ಗೊತ್ತಲ್ಲ, ಬೆಂಗಳೂರಲ್ಲಿದ್ದ ಶಿಕಾರಿ, ನರಭಕ್ಷಕ ಹುಲಿ ಚಿರತೆ ಬೇಟೆ ಬಗ್ಗೆ ಬರ್ದೋರು. ಅವ್ರದ್ದೊಂದು ಕರಡಿ ಕತೆ ಐತೆ. ಅದು ನಡ್ದಿದ್ದು ಎಲ್ಲಿ ಅಂದ್ಕೊಂಡ್ರಿ? ನಮ್ಮ ಅರಸೀಕೆರೆ ಪಕ್ಕದ ನಾಗವಾರ ಗುಡ್ಡ! 1957ರಲ್ಲಿ ಆ ಕರಡಿ ಕಮ್ಮಿ ಅಂದ್ರೂ ಹನ್ನೆರಡು ಜನನ ಕೊಂದಿತ್ತು, ಇನ್ನೂ ಸುಮಾರು ಜನಕ್ಕೆ ಮುಖ ಮೂತಿ ಪರಚಿ ಹಾಕಿತ್ತು. ಕೊನೆಗೆ ಆಂಡರ್ಸನ್ನೇ ಬಂದು ಹೊಡೆದ್ರು. ಹುಲಿ ಅಲ್ಲ ಚಿರತೆ ಅಲ್ಲ, ಜೇನು ತಿನ್ಕೊಂಡು ಗೆದ್ದಲು ಕೆದ್ರುಕೊಂಡು ಇರೋ ಕರಡಿ!

ಇದನ್ನ ಹೇಳಿದ್ದೇ ತಡ, ನಮ್ ಹುಡುಗ "ಸುಳ್ಳು ಚಿಕ್ಕಪ್ಪ" ಅಂದ. ಇಂಗ್ಲಿಷ್ ಪುಸ್ತಕ ತೆಗ್ದು ಅರಸೀಕೆರೆ ಅಂತ ಪ್ರಿಂಟ್ ಆಗಿರೋ ಜಾಗ ಬೆರಳಿಟ್ಟು ತೋರಿಸ್ದೆ. ಅವ್ನು ಆ ಸಾಲು ಓದ್ದ, ಮೇಲಿನ ಸಾಲು ಓದ್ದ, ಆಮೇಲೆ ಪುಸ್ತಕ ನನ್ ಕೈಯಿಂದ ಇಸ್ಕೊಂಡು ಹಿಂದಿನ ಪೇಜಿಗೆ ತಿರುಗಿಸ್ದ. ಮಾರನೇ ದಿನ ಅವ್ರ ತಾತನ ಹತ್ರ ಹೋಗಿ ನಿಂಗೆ ಆ ಕರಡಿ ಗೊತ್ತಾ, ಆವಾಗ ನೀನೆಷ್ಟು ದೊಡ್ಡೋನು, ಯಾಕೆ ಇಷ್ಟ್ ದಿನ ಹೇಳ್ಲಿಲ್ಲ ಅಂತ ತಲೆ ತಿಂದವ್ನೆ. ಊರಿನ ಹೆಸ್ರಿಗೆ ಅಂಥ ಶಕ್ತಿ ಐತೆ ಕಣ್ರಿ. ಲಂಡನ್ನು, ನ್ಯೂಯಾರ್ಕು ಆಮೇಲೆ ಬರ್ಲಿ.

ಕಾಫಿ ಕಣ (ಮೂಡಿಗೆರೆ)
ಆಹಾ. ಅದಕ್ಕೇ ಆಂಡರ್ಸನ್ ಕತೆಗಳನ್ನ ತೇಜಸ್ವಿ ಕನ್ನಡಕ್ಕೆ ತಂದಿರೋದು, ಕಾಡಿನ ಕತೆಗಳು ಅಂತ ಬೇರೆ ಬೇರೆ ಭಾಗ ಇವೆ. ಬೆಳ್ಳಂದೂರಿನ ನರಭಕ್ಷಕ, ಪೆದ್ದಚೆರುವಿನ ರಾಕ್ಷಸ, ಜಾಲಹಳ್ಳಿಯ ಕುರ್ಕ, ಮುನಿಶಾಮಿ ಮತ್ತು ಮಾಗಡಿ ಚಿರತೆ. ಬರೀ ಅನುವಾದ ಅಲ್ಲ, ಇಲ್ಲಿಯವ್ರೇ ಕೂತು ಹೇಳ್ದಂಗಿದೆ. ಜಿಮ್ ಕಾರ್ಬೆಟ್‌ದು ರುದ್ರಪ್ರಯಾಗದ ಚಿರತೆ ಕತೆನೂ ಅವ್ರೇ ಮಾಡಿದಾರೆ. ಕನ್ನಡ ಓದಕ್ಕೆ ನಿಧಾನ ಆಗೋ ಹುಡುಗನಿಗೆ ಕರ್ವಾಲೋಗಿಂತ ಇದೇ ಮೊದ್ಲು ಸರಿ ಅನ್ಸುತ್ತೆ ಈಗ. ಬಿಡಿ ಬಿಡಿ ಕತೆ, ಪುಸ್ತಕ ಸಣ್ಣದು, ಒಂದು ಮುಗಿಸಿದ್ರೂ ಮುಗಿಸ್ದೆ ಅನ್ನೋ ಖುಷಿ. ಎಸ್ಟೇಟ್ ಸುತ್ತ ಆನೆ ಬಂದಿದೆ ಅಂತ ಸ್ಕೂಲಿಗೆ ರಜಾ ಕೊಡೋ ಕಡೆ ಬೆಳೆದ ಮಕ್ಕಳಿಗೆ ಕಾಡು ಪ್ರಾಣಿ ಕತೆ ಹಿಡಿಸ್ದೆ ಇನ್ನೇನು ಹಿಡಿಸುತ್ತೆ.

ನಿವೃತ್ತ ಜೀವಿ (ಹಾಸನ)
ಮಂಕುತಿಮ್ಮನ ಕಗ್ಗ ದಿನಕ್ಕೊಂದು ಪದ್ಯ ಬಾಯಿಪಾಠ ಮಾಡಿಸಿ. ನಮ್ಮ ಕಾಲದಲ್ಲಿ ನಾವೆಲ್ಲ ಹೀಗೇ ಓದುಗರಾದದ್ದು. ಭೈರಪ್ಪನವರ ಕಾದಂಬರಿಗಳನ್ನು ಈ ವಯಸ್ಸಿಗೇ ಕೊಡಬೇಕು, ಸಂತೇಶಿವರ ನಮ್ಮ ಜಿಲ್ಲೆಯದೇ ಅಲ್ಲವೇ.

ಐ ಜಿ ರೋಡ್ ಹುಡುಗಿ (ಚಿಕ್ಕಮಗಳೂರು)
ತಾತ, ಕಗ್ಗ ನಂಗೆ ಇಷ್ಟ, ಆದ್ರೆ ಇಷ್ಟ ಆಗಿದ್ದು ಬಾಯಿಪಾಠದ ಕಾಂಪಿಟಿಷನ್ ಎಲ್ಲ ಮುಗಿದ್ಮೇಲೆ 🙈

ಬೇಲೂರು ಮೇಷ್ಟ್ರು
ನಿವೃತ್ತ ಜೀವಿ ಸರ್, ಭೈರಪ್ಪನವರನ್ನ ಕೊಡ್ಬೋದು, ಕಾದಂಬರಿಯಿಂದ ಶುರು ಬೇಡ ಅಷ್ಟೇ. ವಂಶವೃಕ್ಷದ ಚರ್ಚೆ ಹದಿನಾಲ್ಕು ವರ್ಷದವ್ನಿಗೆ ಯಾಕೆ ಬೇಕು? ಅವ್ರ ಆತ್ಮಕತೆ ಭಿತ್ತಿ ಇದ್ಯಲ್ಲ, ಅದ್ರ ಮೊದಲ ಭಾಗ ಕೊಡಿ. ಪ್ಲೇಗ್ ಬಂದು ಮನೇಲಿ ಸಾವು, ಊಟಕ್ಕಿಲ್ಲದ ದಿನ, ಟೂರಿಂಗ್ ಟಾಕೀಸಲ್ಲಿ ಗೇಟ್ ಕಾಯೋ ಕೆಲ್ಸ, ಮುಂಬೈ ಸ್ಟೇಷನ್ನಲ್ಲಿ ಪೋರ್ಟರ್ ಕೆಲ್ಸ. ನಮ್ ಪಕ್ಕದ ಚನ್ನರಾಯಪಟ್ಟಣ ತಾಲೂಕಿನ ಹುಡುಗ ಒಬ್ಬ ಇಷ್ಟೆಲ್ಲ ಪಟ್ಟ ಅಂದ್ರೆ ಕಿವಿ ನೆಟ್ಟಗಾಗುತ್ತೆ. ಒಬ್ಬ ಹುಡುಗ ಬರೀ ಆ ಭಾಗ ಓದಿ ಪುಸ್ತಕ ವಾಪಸ್ ಕೊಟ್ಟ, ಮುಂದಿಂದು ಬೋರು ಸರ್ ಅಂದ. ಆಗ್ಲಪ್ಪ ಅಂದೆ. ಡೇನಿಯಲ್ ಪೆನಾಕ್ ಅಂತ ಫ್ರಾನ್ಸಿನ ಒಬ್ರು, ಅವ್ರೂ ಮೇಷ್ಟ್ರೇ, 1992ರಲ್ಲೇ ಓದುಗನ ಹತ್ತು ಹಕ್ಕು ಅಂತ ಬರೆದಿದಾರೆ. ಮೊದಲ್ನೇ ಹಕ್ಕೇ ಓದದೇ ಇರೋದು, ಎರಡನೇದು ಪೇಜ್ ಹಾರಿಸೋದು, ಮೂರನೇದು ಪೂರ್ತಿ ಮಾಡ್ದೆ ಬಿಡೋದು. ನಾವು ದೊಡ್ಡೋರು ಎಷ್ಟು ಪುಸ್ತಕ ಅರ್ಧಕ್ಕೆ ಬಿಟ್ಟಿಲ್ಲ? ಮಕ್ಕಳಿಗೆ ಮಾತ್ರ "ತಗೊಂಡ್ಮೇಲೆ ಮುಗಿಸ್ಲೇಬೇಕು" ಅಂತೀವಿ, ಅನ್ನ ತಟ್ಟೆ ಥರ.

ಐ ಜಿ ರೋಡ್ ಹುಡುಗಿ (ಚಿಕ್ಕಮಗಳೂರು)
ಮೇಷ್ಟ್ರೇ ನಿಮ್ ಸ್ಕೂಲಿಗೆ ಟ್ರಾನ್ಸ್‌ಫರ್ ತಗೋಬೇಕು ಅನ್ನಿಸ್ತಿದೆ.

ಆಂಟಿ, ಇಂಗ್ಲಿಷಲ್ಲಿ ಅಂದ್ರೆ ನಂಗೆ ಗೊತ್ತಿರೋ ಹುಡುಗ್ರು ಏನ್ ಓದ್ತಾರೆ ಅಂತ ಹೇಳ್ತೀನಿ. ಡೈರಿ ಆಫ್ ಎ ವಿಂಪಿ ಕಿಡ್, ಇದು ಗೆರೆ ಹಾಕಿರೋ ನೋಟ್‌ಬುಕ್ಕಲ್ಲಿ ಕೈಬರಹದ ಥರ ಇರುತ್ತೆ, ಪ್ರತಿ ಪೇಜಲ್ಲೂ ಕಾರ್ಟೂನ್, ಒಂಬತ್ತನೇ ಕ್ಲಾಸಿಗೆ ಸ್ವಲ್ಪ ಚಿಕ್ಕದು ಅನ್ನಿಸ್ಬೋದು ಆದ್ರೆ ನಗಕ್ಕೆ ವಯಸ್ಸೇನು. ಆಮೇಲೆ ಪರ್ಸಿ ಜಾಕ್ಸನ್. ಇದ್ರ ಹೀರೋಗೆ ಡಿಸ್ಲೆಕ್ಸಿಯಾ ಇದೆ, ಸ್ಕೂಲಿಂದ ಸ್ಕೂಲಿಗೆ ಓಡಿಸ್ತಿರ್ತಾರೆ, ಆಮೇಲೆ ನೋಡಿದ್ರೆ ಅವ್ನು ಗ್ರೀಕ್ ದೇವರ ಮಗ! ಬರ್ದಿರೋ ರಿಕ್ ರಿಯೊರ್ಡನ್ ಅವ್ರ ಮಗನಿಗೂ ಓದಕ್ಕೆ ಕಷ್ಟ ಇತ್ತು, ಮಲಗೋವಾಗ ಅವ್ನಿಗೆ ಹೇಳ್ತಿದ್ದ ಕತೆನೇ 2005ರಲ್ಲಿ ಪುಸ್ತಕ ಆಗಿದ್ದು. ಅದಕ್ಕೇ ಮೊದಲ್ನೇ ಸಾಲಿಂದ್ಲೇ ಮಾತಾಡ್ಸುತ್ತೆ, ಚಾಪ್ಟರ್ ಹೆಸ್ರುಗಳೇ ತಮಾಷೆ. ಇನ್ನು ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸ್. ನಮ್ ಕ್ಲಾಸಲ್ಲಿ ಏನೂ ಓದಲ್ಲ ಅಂತ ಹೆಸ್ರು ತಗೊಂಡಿರೋ ಹುಡುಗ ಒನ್ ಪೀಸ್ ನೂರು ಚಿಲ್ಲರೆ ವಾಲ್ಯೂಮ್ ಇದೆ ಅಂತ ಹುಡ್ಕಿ ಹುಡ್ಕಿ ಓದ್ತಿದಾನೆ, ಆದ್ರೂ ಅವ್ರ ಮನೇಲಿ "ಏನೂ ಓದಲ್ಲ" ಅಂತ್ಲೇ ಹೇಳೋದು.

ಬಿ ಎಂ ರೋಡ್
ಚಿತ್ರ ನೋಡೋದನ್ನ ಓದು ಅಂತ ಯಾವಾಗಿಂದ ಕರೀತಾರೆ? ಅದೂ ಬಲಗಡೆಯಿಂದ ಎಡಕ್ಕಂತೆ. ನಾಳೆ ರೀಲ್ಸ್ ನೋಡೋದೂ ಓದು ಅಂತೀರಾ.

ಬೇಲೂರು ಮೇಷ್ಟ್ರು
ಸರ್, ನೀವು ಚಿಕ್ಕೋರಿದ್ದಾಗ ಚಂದಮಾಮ ಚಿತ್ರ ನೋಡ್ಲಿಲ್ವಾ? ಬೇತಾಳನ ಚಿತ್ರ ನೋಡೇ ಕತೆಗೆ ಹೋಗಿದ್ದು ನಾವೆಲ್ಲ. ಅಮರ ಚಿತ್ರ ಕಥೆ ಓದಿ ಪುರಾಣ ಕಲ್ತವ್ರು ಎಷ್ಟು ಜನ. ಅಲ್ಲಿ ಮಾತು ಬಲೂನಲ್ಲಿರುತ್ತೆ, ಯಾರು ಹೇಳಿದ್ದು ಅಂತ ಕಣ್ಣಿಗೇ ಗೊತ್ತಾಗುತ್ತೆ, ತಡವರಿಸೋ ಹುಡುಗನಿಗೆ ಅರ್ಧ ಭಾರ ಇಳಿಯುತ್ತೆ. ಒಂದೇ ಮಾತು, ಮಾಂಗಾ ತಗೊಳೋವಾಗ ಹಿಂದೆ ವಯಸ್ಸಿನ ಗುರುತು ಹಾಕಿರ್ತಾರೆ ನೋಡಿ, ಎಲ್ಲಾನೂ ಎಲ್ರಿಗೂ ಅಲ್ಲ.

ಬಿ ಎಂ ರೋಡ್
ಚಂದಮಾಮ ಬೇರೆ ಬಿಡಿ ಮೇಷ್ಟ್ರೇ. ಆದ್ರೂ ನಾನು ನರಸಿಂಹಯ್ಯನವ್ರ ಪತ್ತೇದಾರ ಪುರುಷೋತ್ತಮನ್ನ ಗಣಿತದ ಪುಸ್ತಕದ ಒಳಗಿಟ್ಟು ಓದ್ತಿದ್ದಿದ್ದು ನಿಜ.

ಅರಸೀಕೆರೆ ಜಂಕ್ಷನ್
ಹಂಗ್ ಬನ್ನಿ ದಾರಿಗೆ 😂😂

ಘಾಟ್ ಸೆಕ್ಷನ್ (ಸಕಲೇಶಪುರ)
ಮೇಡಂ, ಮೊದಲ ಪೋಸ್ಟಲ್ಲಿ ಮಗನಿಗೆ ವಿಮಾನ ಹುಚ್ಚು ಅಂದ್ರಿ, ಯಾರೂ ಹಿಡ್ಕೊಳ್ಳಿಲ್ಲ ಅದನ್ನ. ಕ್ಯಾಪ್ಟನ್ ಗೋಪಿನಾಥ್ ಆತ್ಮಕತೆ ಸಿಂಪ್ಲಿ ಫ್ಲೈ ಕೊಡಿ, ಕನ್ನಡದಲ್ಲೂ ಬಂದಿದೆ. ನಮ್ ಗೊರೂರಿನವ್ರು. ಸೈನಿಕ ಶಾಲೆ, ಆರ್ಮಿ, 71ರ ಯುದ್ಧ, ಆಮೇಲೆ ಕೆಲ್ಸ ಬಿಟ್ಟು ಊರಿಗೆ ಬಂದ್ರೆ ಹೇಮಾವತಿ ಡ್ಯಾಮಲ್ಲಿ ಜಮೀನು ಮುಳುಗಿದೆ, ಬದ್ಲಿಗೆ ಸಿಕ್ಕಿದ್ದು ಜಾವಗಲ್ ಕಡೆ ಒಣ ಭೂಮಿ. ಅಲ್ಲಿ ಟೆಂಟ್ ಹಾಕ್ಕೊಂಡು ವ್ಯವಸಾಯ, ರೇಷ್ಮೆ, ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಸೂರರೈ ಪೋಟ್ರು ಸಿನಿಮಾ ಹುಡುಗ್ರೆಲ್ಲ ನೋಡಿರ್ತಾರೆ, ಅದು ಇದೇ ಪುಸ್ತಕದ ಮೇಲೆ ಮಾಡಿದ್ದು. ಸಿನಿಮಾದಲ್ಲಿ ಇರೋದು ಯಾವ್ದು ನಿಜ, ಯಾವ್ದು ಸೇರ್ಸಿದ್ದು ಅಂತ ಹುಡುಕು ಅಂತ ಹೇಳಿ ನೋಡಿ. ದಪ್ಪ ಪುಸ್ತಕ, ಪೂರ್ತಿ ಓದ್ದೇ ಇರ್ಬೋದು, ಏರ್‌ಲೈನ್ ಶುರು ಮಾಡೋ ಭಾಗಕ್ಕೆ ನೇರ ಹೋಗ್ಲಿ. ಶೋಕೇಸಲ್ಲಿರೋ ಮಹಾಪುರುಷರಿಗೂ ಇವ್ರಿಗೂ ವ್ಯತ್ಯಾಸ ಏನಪ್ಪ ಅಂದ್ರೆ ಇವ್ರು ಸಾಲ ಮಾಡ್ತಾರೆ, ಸೋಲ್ತಾರೆ, ಇನ್ನೊಂದಕ್ಕೆ ಕೈ ಹಾಕ್ತಾರೆ.

ಹೇಮಾವತಿ ತೀರ (ಹಾಸನ)
ಅಯ್ಯೋ ಇದು ಹೊಳೆದೇ ಇರ್ಲಿಲ್ಲ ನಂಗೆ! ಆ ಸಿನಿಮಾ ಅವ್ನು ಎಷ್ಟು ಸಲ ನೋಡಿದಾನೋ. ಮೇಷ್ಟ್ರೇ, ನೀವು ಹೇಳ್ದಂಗೆ ಜೋರಾಗಿ ಓದಿಸ್ದೆ. ಇಂಗ್ಲಿಷ್ ಸರಾಗ, ಕನ್ನಡದಲ್ಲಿ ಒತ್ತು ಬಂದ ಕಡೆ ನಿಲ್ತಾನೆ, ಅರ್ಥ ಕೇಳಿದ್ರೆ ಹೇಳ್ತಾನೆ. ರೂಢಿನೇ ಇರ್ಬೇಕು.

ಏಲಕ್ಕಿ ಚಹಾ (ಆಲೂರು)
ಮಧ್ಯ ಬಾಯಿ ಹಾಕ್ತಿದೀನಿ. ನನ್ ಮಗಳಿಗೆ ಹದಿನಾರು, ಕಾಡು ಬೇಟೆ ಏನೂ ಬೇಡ ಅಂತಾಳೆ, "ಮನುಷ್ಯರ ಕತೆ" ಬೇಕಂತೆ. ಅವ್ಳಿಗೇನಾದ್ರೂ ಹೇಳ್ತೀರಾ? ಬಾನು ಮುಷ್ತಾಕ್ ಅವ್ರದ್ದು ಈ ವಯಸ್ಸಿಗೆ ಕೊಡ್ಬೋದಾ?

ಐ ಜಿ ರೋಡ್ ಹುಡುಗಿ (ಚಿಕ್ಕಮಗಳೂರು)
ಆಂಟಿ ಖಂಡಿತ ಕೊಡಿ. 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂದಾಗ ನಮ್ ಕಾಲೇಜಲ್ಲಿ ಎಲ್ರೂ ಸ್ಟೇಟಸ್ ಹಾಕಿದ್ರು, ಓದಿದ್ದು ನಾವು ಒಂದಿಬ್ರು ಅಷ್ಟೇ ಅನ್ಸುತ್ತೆ. ಹಾಸನದ ಗಲ್ಲಿ ಮನೆ ಹೆಂಗಸ್ರ ಕತೆಗಳು, ಕೆಲವು ಓದಿ ಸಿಟ್ಟು ಬರುತ್ತೆ, ಎದೆಯ ಹಣತೆ ಕತೆ ಓದಿ ನಂಗೆ ಅವತ್ತು ಊಟ ಸೇರ್ಲಿಲ್ಲ. ನೀವೂ ಜೊತೆಗೆ ಓದಿ, ಆಮೇಲೆ ಮಾತಾಡಕ್ಕೆ ಬೇಕಾಗುತ್ತೆ. ಅವ್ಳಿಗೆ ನಗು ಬೇಕಿದ್ರೆ ವಸುಧೇಂದ್ರ ಅವ್ರ ನಮ್ಮಮ್ಮ ಅಂದ್ರೆ ನಂಗಿಷ್ಟ, ಹೆಸ್ರು ನೋಡಿ ಸೆಂಟಿಮೆಂಟ್ ಅಂದ್ಕೊಬೇಡಿ.

ಘಾಟ್ ಸೆಕ್ಷನ್ (ಸಕಲೇಶಪುರ)
ನಾ ಡಿಸೋಜ ಅವ್ರದ್ದು ಮುಳುಗಡೆಯ ಊರಿಗೆ ಬಂದವರು ಅಂತ ಇದೆ, ಮಕ್ಕಳ ಕಾದಂಬರಿ, 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಬಂದಿತ್ತು. ಹೇಮಾವತಿ ಹಿನ್ನೀರಲ್ಲಿ ಮುಳುಗೋ ಶೆಟ್ಟಿಹಳ್ಳಿ ಚರ್ಚ್ ಹತ್ರ ಫೋಟೋ ತೆಗ್ಸ್ಕೊಂಡು ಬರೋ ಮಕ್ಕಳಿಗೆ ಆ ನೀರಿನ ಕೆಳಗೆ ಊರುಗಳಿದ್ವು, ಗದ್ದೆಗಳಿದ್ವು ಅಂತ ಯಾರೂ ಹೇಳಿರಲ್ಲ. ಫೋಟೋ ತೆಗ್ಸ್ಕೊಂಡ ದಿನ ರಾತ್ರಿನೇ ಇದನ್ನ ಕೈಗೆ ಕೊಟ್ರೆ ಕತ್ತು ಹಿಡಿದು ಓದ್ಸೋದು ಬೇಕಾಗಲ್ಲ.

ಪಂಚಾಯ್ತಿ ಲೈಬ್ರರಿ (ಕಡೂರು ಕಡೆ)
ಎಲ್ರೂ ಕೊಳ್ಳೋದ್ರ ಬಗ್ಗೆನೇ ಮಾತಾಡ್ತಿದೀರ, ನಮ್ಮನ್ನ ಮರೀಬೇಡಿ ಸ್ವಾಮಿ. ಗ್ರಾಮ ಪಂಚಾಯ್ತಿ ಲೈಬ್ರರಿ, ಈಗ ಅರಿವು ಕೇಂದ್ರ ಅಂತಾರೆ, ಅಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ. 2020ರಲ್ಲಿ ಓದುವ ಬೆಳಕು ಅಂತ ಶುರು ಆಗಿದ್ದು. ಹಳ್ಳಿಲಿ ಅಜ್ಜಿ ಮನೆ ಇದ್ರೆ ರಜಾದಲ್ಲಿ ಅಲ್ಲೇ ಮಾಡ್ಸಿ. ನಾನು ದಿನಾ ನೋಡೋದು ಹೇಳ್ತೀನಿ, ಅಪ್ಪ ಅಮ್ಮ ಜೊತೆಗೆ ಬಂದ ಹುಡುಗ್ರು ಕೈ ಕಟ್ಕೊಂಡು ನಿಂತಿರ್ತಾರೆ, ದೊಡ್ಡೋರು "ಇದು ತಗೋ ಜನರಲ್ ನಾಲೆಡ್ಜು" ಅಂತಾರೆ, ಹುಡುಗ ತಗೋತಾನೆ, ಅದು ಹೋದ ಹಂಗೇ ವಾಪಸ್ ಬರುತ್ತೆ. ಅದೇ ಹುಡುಗ ಫ್ರೆಂಡ್ಸ್ ಜೊತೆ ಬಂದ್ರೆ ನೆಲದ ಮೇಲೆ ಕೂತ್ಕೊಂಡು ಕೆಳಗಿನ ರ‍್ಯಾಕ್ ಎಲ್ಲ ಎಳ್ದು ಹರಡ್ತಾನೆ. ಹಿಂದಿನ ರಟ್ಟು ನೋಡ್ತಾರೆ, ಮಧ್ಯ ಒಂದು ಪೇಜ್ ತೆಗೀತಾರೆ, ಅಕ್ಷರ ಸಣ್ಣ ಇದ್ರೆ ಅಲ್ಲೇ ಬಿಡ್ತಾರೆ. ಹೆಚ್ಚು ಹರಿದಿರೋ ಪುಸ್ತಕನೇ ಎತ್ಕೊಳೋದು, ಹರಿದಿದೆ ಅಂದ್ರೆ ಚೆನ್ನಾಗಿದೆ ಅಂತ ಅವ್ರ ಲೆಕ್ಕ. ಹೊಸ ರಟ್ಟಿನ ಪುಸ್ತಕ ರ‍್ಯಾಕಲ್ಲೇ ಇರುತ್ತೆ. ಅದಕ್ಕೆ ಒಂದು ಪುಸ್ತಕ ತಂದು ಕೊಡೋದಕ್ಕಿಂತ ಎಂಟತ್ತು ಮುಂದೆ ಹರಡಿ, ನೀವು ಆಚೆ ಹೋಗ್ಬಿಡಿ.

ಏಲಕ್ಕಿ ಚಹಾ (ಆಲೂರು)
ಹರಿದಿರೋ ಪುಸ್ತಕದ ಲೆಕ್ಕ ಸಕತ್. ನಮ್ಮನೇಲೂ ಅಷ್ಟೇ, ಬೈಂಡ್ ಹಾಕ್ಸಿದ್ದು ಒಂದೂ ಓದಿಲ್ಲ.

ಬೇಲೂರು ಮೇಷ್ಟ್ರು
ಒಂದು ಸಣ್ಣ ಅಳತೆ ಹೇಳ್ಬಿಡ್ತೀನಿ, ಪುಸ್ತಕ ಆರಿಸೋವಾಗ ಮಕ್ಕಳೇ ಮಾಡ್ಬೋದು. ಯಾವ್ದಾದ್ರೂ ಒಂದು ಪೇಜ್ ತೆಗ್ದು ಓದ್ತಾ, ಗೊತ್ತಿಲ್ದೇ ಇರೋ ಪದ ಬಂದಾಗೆಲ್ಲ ಒಂದು ಬೆರಳು ಮಡಚ್ಬೇಕು. ಪೇಜ್ ಮುಗಿಯೋದ್ರೊಳಗೆ ಐದೂ ಬೆರಳು ಮಡಚಿದ್ರೆ ಆ ಪುಸ್ತಕ ಸದ್ಯಕ್ಕೆ ಬೇಡ. ವಿಪರೀತ ಆಸೆ ಇದ್ರೆ ಮಾತ್ರ ಓದಕ್ಕೆ ಬಿಟ್ಬಿಡಿ, ಇಷ್ಟ ಇದ್ರೆ ಏಳು ಬೆರಳಾದ್ರೂ ಓದ್ತಾರೆ. ಹಂಗೇ ಕನ್ನಡ ರೂಢಿ ಆಗಕ್ಕೆ ಪ್ರಥಮ್ ಬುಕ್ಸ್‌ನವ್ರ ಸ್ಟೋರಿವೀವರ್ ಸೈಟಲ್ಲಿ ಲೆವೆಲ್ ಪ್ರಕಾರ ಕನ್ನಡ ಕತೆ ಫ್ರೀ ಸಿಗುತ್ತೆ, ಆದ್ರೆ ಒಂಬತ್ತನೇ ಕ್ಲಾಸವ್ನಿಗೆ ಅದನ್ನ ನೇರ ಕೊಟ್ರೆ "ನಾನೇನು ಪಾಪುನಾ" ಅಂತಾನೆ. ಮನೇಲಿ ತಂಗಿನೋ, ಪಕ್ಕದ್ಮನೆ ಪುಟ್ಟ ಮಕ್ಕಳೋ ಇದ್ರೆ ಅವ್ರಿಗೆ ಓದಿ ಹೇಳು ಅನ್ನಿ. ಮಾನ ಉಳಿಯುತ್ತೆ, ಅಭ್ಯಾಸನೂ ಆಗುತ್ತೆ.

ಹೇಮಾವತಿ ತೀರ (ಹಾಸನ)
ತಂಗಿ ಇದಾಳೆ ಮೂರನೇ ಕ್ಲಾಸು, ಅಣ್ಣ ಓದಿ ಹೇಳ್ತಾನೆ ಅಂದ್ರೆ ಕುಣೀತಾಳೆ. ಸದ್ಯಕ್ಕೆ ಕಾಡಿನ ಕತೆಗಳು ಮೊದಲ ಭಾಗ, ಸಿಂಪ್ಲಿ ಫ್ಲೈ, ಪರ್ಸಿ ಜಾಕ್ಸನ್ ಮೊದಲನೇದು ನೋಡೋಣ ಅಂತ. ಅವ್ನನ್ನೇ ಅಂಗಡಿಗೆ ಕರ್ಕೊಂಡು ಹೋಗ್ತೀನಿ, ಇವೆಲ್ಲ ಬಿಟ್ಟು ಬೇರೇನೋ ಆರಿಸಿದ್ರೂ ತುಟಿ ಬಿಚ್ಚಲ್ಲ. ಶೋಕೇಸಿನ ಸೆಟ್ಟು ಯಾರಿಗಾದ್ರೂ ಬೇಕಿದ್ರೆ ಹೇಳಿ, ಅವ್ರಪ್ಪನಿಗೆ ಗೊತ್ತಾಗ್ಬಾರ್ದು.

ಅರಸೀಕೆರೆ ಜಂಕ್ಷನ್
ಕಾಡಿನ ಕತೆಗಳು ಕೊಳ್ಬೇಡಿ ಮೇಡಂ, ನಮ್ ಹತ್ರ ಎರಡು ಭಾಗ ಐತೆ, ಹುಡುಗ ಓದಿ ಮುಗಿಸವ್ನೆ. ಶನಿವಾರ ಹಾಸನಕ್ಕೆ ಬರ್ತಿದೀನಿ, ಮಹಾರಾಜ ಪಾರ್ಕ್ ಹತ್ರ ಕೊಡ್ತೀನಿ. ಒಂದ್ರದ್ದು ರಟ್ಟು ಕಿತ್ತೋಗಿದೆ, ಪರ್ವಾಗಿಲ್ವಾ?

ಪಂಚಾಯ್ತಿ ಲೈಬ್ರರಿ (ಕಡೂರು ಕಡೆ)
ಅದನ್ನೇ ಮೊದ್ಲು ಕೊಡಿ.